ಓಡಿದ ಅನುಭವ ಫಿಸಿಕಲ್ ಡೈರೆಕ್ಟರ್ (ದೈಹಿಕ ಶಿಕ್ಷಣ ನಿರ್ದೇಶಕ) ಕೆಲಸಕ್ಕೆ ಬರುತ್ತಾ?

"ಡಿಗ್ರಿ ಮುಗೀತು, ಯೂನಿವರ್ಸಿಟಿ ಲೆವೆಲ್ ತನಕ 400 ಮೀಟರ್ ಓಡಿದೀನಿ, ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್ ಆಗಬೇಕು, ಓಡಿದ್ದು ಕೆಲಸಕ್ಕೆ ಬರುತ್ತಾ" ಅಂತ ಕೇಳಿದೀರಿ. ನಾನೂ 400 ಓಡ್ತಿದ್ದವನೇ, ಈಗ ಒಂದು ತಾಲ್ಲೂಕು ಕಾಲೇಜಲ್ಲಿ ಅದೇ ಕೆಲಸದಲ್ಲಿ ಹನ್ನೊಂದು ವರ್ಷ ಆಯ್ತು. ಒಳಗೆ ಸೇರೋಕೆ ಬರುತ್ತೆ. ಸೇರಿದ ಮೇಲೆ ಅಷ್ಟೊಂದು ಬರಲ್ಲ, ಶುರುವಲ್ಲಿ ನಂಗಂತೂ ಅಡ್ಡಾನೇ ಬಂತು.

ಮೊದಲು ಸೇರೋ ಕಥೆ ಮುಗಿಸಿಬಿಡ್ತೀನಿ. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಎರಡು ವರ್ಷ, ಅದರ ಸ್ನಾತಕೋತ್ತರ ಎಂ.ಪಿ.ಎಡ್. ಎರಡು ವರ್ಷ, ಅಂದ್ರೆ ಇನ್ನೂ ನಾಲ್ಕು ವರ್ಷ ಮನೆಯವರಿಗೆ ಏನು ಹೇಳೋದು ಅಂತ ಈಗಲೇ ಯೋಚಿಸಿ ಇಟ್ಕೊಳ್ಳಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಎಂ.ಪಿ.ಎಡ್.ಗೆ 55% ಬೇಕು, ಮೇಲೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ, ಅಂದ್ರೆ ರಾಷ್ಟ್ರಮಟ್ಟದ ನೆಟ್ ಅಥವಾ ಕರ್ನಾಟಕದ ಕೆ-ಸೆಟ್ ಪಾಸಾಗಿರಬೇಕು, ಇಲ್ಲಾಂದ್ರೆ ಪಿಎಚ್.ಡಿ. ಏಷ್ಯನ್ ಗೇಮ್ಸ್ ಅಥವಾ ಕಾಮನ್‌ವೆಲ್ತ್ ಮೆಡಲ್ ಗೆದ್ದು ಪಿ.ಜಿ. ಮಾಡಿದವರಿಗೆ ಬೇರೆ ದಾರಿ ಇದೆ, ಅದು ನನಗೂ ಇರ್ಲಿಲ್ಲ, ನಿಮಗೂ ಇಲ್ಲ ಅನ್ಕೋತೀನಿ. ಫಿಟ್ನೆಸ್ ಟೆಸ್ಟೂ ಇದೆ, 30 ವರ್ಷದೊಳಗಿನ ಗಂಡಸರು 12 ನಿಮಿಷದಲ್ಲಿ 1800 ಮೀಟರ್, ಹೆಂಗಸರು 8 ನಿಮಿಷದಲ್ಲಿ 1000 ಮೀಟರ್. ಓಡಿದವರಿಗೆ ಇದು ವಾರ್ಮಪ್ಪು. ನಮ್ಮ ಕ್ರೀಡಾಪಟುಗಳು ಬೀಳೋದು ಗ್ರೌಂಡಲ್ಲಿ ಅಲ್ಲ, ನೆಟ್‌ನ ಮೊದಲನೇ ಪೇಪರಲ್ಲಿ. ಬೋಧನೆ, ಸಂಶೋಧನೆ, ಲಾಜಿಕ್ ಅಂತ 50 ಪ್ರಶ್ನೆ ಇರುತ್ತೆ, ನಾನು ಎರಡು ಸಲ ಅಲ್ಲೇ ಮಕಾಡೆ ಬಿದ್ದೆ.

ನೀವು ಓಡಿದ್ದು ಲೆಕ್ಕಕ್ಕೆ ಬರೋದು ಕಾಗದದ ಮೇಲೆ. ಅಂತರ ಕಾಲೇಜು, ಅಂತರ ವಿವಿ ಅಥವಾ ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಆಡಿದ ದಾಖಲೆ ಕೇಳ್ತಾರೆ. ನಿಮ್ಮ ಸರ್ಟಿಫಿಕೇಟಲ್ಲಿರೋ ಹೆಸರು ಮಾರ್ಕ್ಸ್ ಕಾರ್ಡಿನ ಹೆಸರಿಗೆ ಸರಿಯಾಗಿ ಹೊಂದುತ್ತಾ ಅಂತ ಇವತ್ತೇ ನೋಡಿ. ನಂದರಲ್ಲಿ ಇನಿಷಿಯಲ್ ಹಿಂದುಮುಂದಾಗಿತ್ತು, ಅದನ್ನ ಸರಿ ಮಾಡ್ಸೋಕೆ ನಾಲ್ಕು ಸಲ ಬಸ್ ಹತ್ತಿದೀನಿ, ಪ್ರತಿ ಸಲ "ಸಂಬಂಧಪಟ್ಟ ಗುಮಾಸ್ತರು ರಜೆ".

ಈಗ ಅಡ್ಡ ಬಂದ ಕಥೆ. ಸೇರಿದ ಮೊದಲ ವರ್ಷದ ಸ್ಪೋರ್ಟ್ಸ್ ಡೇ. ನಮ್ಮದು ಮಣ್ಣಿನ ಗ್ರೌಂಡು, 200 ಮೀಟರ್ ಟ್ರ್ಯಾಕ್ ಅಷ್ಟೇ ಕೂರುತ್ತೆ. ಹಿಂದಿನ ದಿನ ಸಂಜೆ ಅಟೆಂಡರ್ ಅಣ್ಣ, ನಾನು, ಇಬ್ಬರು ಹುಡುಗ್ರು ಸೇರ್ಕೊಂಡು ಮೊಳೆ ಹೊಡೆದು ಹಗ್ಗ ಕಟ್ಟಿ ಸುಣ್ಣದ ಪುಡಿ ಹಾಕಿ ಆರು ಲೇನ್ ಎಳೆದ್ವಿ, ಕತ್ತಲಾದ ಮೇಲೆ ಬೈಕಿನ ಹೆಡ್‌ಲೈಟಲ್ಲಿ ಕೊನೆ ಎರಡು ಲೇನ್ ಆಯ್ತು, ಕೈಯೆಲ್ಲಾ ಸುಣ್ಣ, ಉರಿ. ಲೇನ್ ಅಗಲ 1.22 ಮೀಟರ್, ಹೊರಗಿನ ಲೇನ್ ತಿರುವಲ್ಲಿ ಉದ್ದ ಆಗೋದ್ರಿಂದ ಒಂದು ಸುತ್ತಿಗೆ ಒಂದೊಂದು ಲೇನ್ ಹೊರಗೆ ಹೋದಂಗೂ 7.67 ಮೀಟರ್ ಮುಂದೆ ನಿಲ್ಲಿಸಬೇಕು, ಅಷ್ಟೂ ನೆನಪಿತ್ತು. ಮಾರನೇ ದಿನ ಹುಡುಗಿಯರ 400, ಲೇನಲ್ಲೇ ಪೂರ್ತಿ ಎರಡು ಸುತ್ತು. ಆರನೇ ಲೇನಲ್ಲಿ ಒಬ್ಬಳು ಬಿ.ಕಾಂ. ಹುಡುಗಿ, ಹೀಟ್ಸಲ್ಲಿ (ಫೈನಲ್‌ಗೆ ಮುಂಚಿನ ಓಟದಲ್ಲಿ) ಎಲ್ಲರಿಗಿಂತ ಚೆನ್ನಾಗಿ ಓಡಿದ್ದಳು, ಒಳಗಿನ ಲೇನಲ್ಲಿ. ಫೈನಲಲ್ಲಿ ಕೊನೆಗೆ ಬಂದಳು. ಬಂದವಳು ಕೂರಲೂ ಇಲ್ಲ, ನೀರೂ ಕುಡೀಲಿಲ್ಲ, ಸೊಂಟಕ್ಕೆ ಕೈ ಕೊಟ್ಕೊಂಡು ಏದುಸಿರಲ್ಲೇ "ಸಾರ್, ನನ್ ಲೇನ್ ಉದ್ದ ಇತ್ತು" ಅಂದಳು.

ಸೋತವರು ಹೇಳೋದೇ ಹಂಗೆ ಅಂತ ಸುಮ್ನಾದೆ. ಆಮೇಲೆ ತಲೆ ಕೊರೆಯೋಕೆ ಶುರುವಾಯ್ತು. ಸುತ್ತು ಎರಡು, ನಾನು ಬಿಟ್ಟಿದ್ದು ಒಂದು ಸುತ್ತಿನ ಸ್ಟ್ಯಾಗರ್ (ಆ ಮುಂದೆ ನಿಲ್ಲಿಸೋ ಅಂತರ)! ಲೇನಿಗೆ 15.33 ಬಿಡಬೇಕಿತ್ತು. ಆ ಹುಡುಗಿ ಮೊದಲನೇ ಲೇನಿನವಳಿಗಿಂತ 38 ಮೀಟರ್ ಜಾಸ್ತಿ ಓಡಿದ್ದಳು. ಏಳು ವರ್ಷ 400 ಓಡಿದವನು ನಾನು, ಒಂದು ದಿನಾನೂ ಆ ಗೆರೆ ಯಾರು ಎಳೆದ್ರು, ಹೆಂಗೆ ಎಳೆದ್ರು ಅಂತ ನೋಡಿರ್ಲಿಲ್ಲ, ಯಾವ ಲೇನ್ ಕೊಟ್ಟರೆ ಅಲ್ಲಿ ಹೋಗಿ ನಿಲ್ಲೋದು, ಗನ್ ಆದ್ರೆ ಓಡೋದು, ಅಷ್ಟೇ ಗೊತ್ತಿದ್ದಿದ್ದು. ಪ್ರಿನ್ಸಿಪಾಲರ ಹತ್ರ ಹೋಗಿ ತಪ್ಪಾಯ್ತು ಸಾರ್ ಅಂದು, ಚೀಫ್ ಗೆಸ್ಟ್ ಮುಂದೇನೇ ಮೈಕಲ್ಲಿ ಹೇಳಿ, ಊಟ ಆದ್ಮೇಲೆ ಗೆರೆ ತಿದ್ದಿ ಮತ್ತೆ ಓಡಿಸಿದೆ. ಅವಳು ಎರಡನೆಯವಳಾಗಿ ಬಂದಳು. ಒಂದೇ ದಿನ ಮೂರು ಸಲ 400 ಓಡೋದು ಏನು ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ.

ಉಳಿದಿದ್ದು ಹೆಚ್ಚಾಗಿ ಕಾಗದದ ಕೆಲಸ. ಎಲಿಜಿಬಿಲಿಟಿ ಫಾರ್ಮ್, ಎಸ್.ಎಸ್.ಎಲ್.ಸಿ. ಮಾರ್ಕ್ಸ್ ಕಾರ್ಡಿನ ಜೆರಾಕ್ಸ್, ಟಿ.ಎ. ಡಿ.ಎ. ಬಿಲ್ಲು, ಆಡಿಟ್ ಬಂದಾಗ ಹೋದ ವರ್ಷದ ಆರು ವಾಲಿಬಾಲ್ ಎಲ್ಲಿ ಅನ್ನೋ ಪ್ರಶ್ನೆ. ಆಗಸ್ಟ್ 15ರ ಧ್ವಜ, ಮಾರ್ಚ್ ಪಾಸ್ಟ್, ಗೇಟಲ್ಲಿ ನಿಂತು ಐಡಿ ಕಾರ್ಡ್ ನೋಡೋದು, ಎಲ್ಲ ನಿಮ್ಮ ತಲೆಗೇ. ಕೋಚಿಂಗ್ ಅನ್ನೋದು ಬೆಳಿಗ್ಗೆ ಆರರಿಂದ ಎಂಟು, ಅದೂ ಹುಡುಗ್ರು ಬಂದ್ರೆ. ಎರಡು ಬಸ್ ಬದಲಾಯಿಸಿ ಬರೋ ಹುಡುಗನಿಗೆ ಆರಕ್ಕೆ ಬಾ ಅಂತ ಯಾವ ಬಾಯಲ್ಲಿ ಹೇಳ್ತೀರಿ. ಇನ್ನು ದೊಡ್ಡ ಮೀಟ್‌ಗೆ ಹೋದ್ರೆ ಕ್ರೀಡೆಗೆ ಹೆಸರಾದ ಮೂಡುಬಿದಿರೆ ಆಳ್ವಾಸ್ ಕಾಲೇಜಿನ ಜೆರ್ಸಿ ಕಂಡ ತಕ್ಷಣ ನಮ್ಮವರಿಗೆ ಅರ್ಧ ಜೀವ ಹೋಗಿರುತ್ತೆ.

ಸಂಬಳ ಕೇಳಿಲ್ಲ ನೀವು, ಆದ್ರೂ ಹೇಳ್ತೀನಿ. ಯುಜಿಸಿ ಸ್ಕೇಲಲ್ಲಿ ಖಾಯಂ ಆದ್ರೆ ಲೆಕ್ಚರರ್‌ಗಳ ಥರಾನೇ, 57,700 ಮೂಲ ವೇತನದಿಂದ ಶುರು. ಖಾಯಂ ಆಗೋದೇ ಕಷ್ಟ. ನೇಮಕಾತಿ ಕರೆಯೋದು ಅಪರೂಪ, ಅಲ್ಲಿ ತನಕ ಗೆಸ್ಟ್ ಆಗಿಯೋ ಖಾಸಗಿ ಕಾಲೇಜಲ್ಲೋ ಸಿಕ್ಕಷ್ಟಕ್ಕೆ ದುಡೀಬೇಕು. ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆನೋ ಪೊಲೀಸೋ ಸಿಗೋ ಹಾಗಿದ್ರೆ, ಕಾಲಲ್ಲಿ ಇನ್ನೂ ಓಟ ಇದ್ರೆ, ಮೊದಲು ಅದನ್ನ ನೋಡಿ ಅಂತೀನಿ, ಬಿ.ಪಿ.ಎಡ್. ಎಲ್ಲೂ ಓಡಿಹೋಗಲ್ಲ.

ಅಂದಹಾಗೆ ನಿಮ್ಮ 400 ಟೈಮಿಂಗ್ ಎಷ್ಟು, ಯಾವ ಟ್ರ್ಯಾಕಲ್ಲಿ, ಸಿಂಥೆಟಿಕ್ಕಾ ಮಣ್ಣಾ ಅಂತ ಬರೀಲೇ ಇಲ್ಲ. ಅದನ್ನ ಹೇಳಿ, ಕೋಟಾ ಕಡೆ ಹೋಗೋದಾ ಬೇಡ್ವಾ ಅಂತ ಇನ್ನೂ ಸರಿಯಾಗಿ ಹೇಳ್ತೀನಿ.