ಪಾಠ ಹೇಳೋಕೆ ಬರದಿದ್ದರೂ ಪರವಾಗಿಲ್ಲ, ಒಂದು ವರ್ಷ ನಿಲ್ಲೋಕೆ ಆಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಬೆಂಗಳೂರಿನಲ್ಲಿ ಕೆಲಸ, ವಾರದ ಕೊನೆಗೆ ಬಿಡುವು ಇದೆ, ಹಾಸ್ಟೆಲ್‌ನಲ್ಲಿ ಬೆಳೆಯುತ್ತಿರುವ ಒಂದು ಮಗುವಿಗೆ ಮೆಂಟರ್, ಅಂದರೆ ಜೊತೆಗಿದ್ದು ದಾರಿ ತೋರಿಸುವವರು, ಆಗಬೇಕು ಅಂತ ಆಸೆ, ಆದರೆ ಪಾಠ ಹೇಳಿಕೊಟ್ಟು ಅಭ್ಯಾಸ ಇಲ್ಲ, ಆಗುತ್ತಾ?

ಆಗುತ್ತದೆ. ಪಾಠದ ಚಿಂತೆ ಬಿಡಿ. ನಾನು ಕೇಳುವುದು ಒಂದೇ. ಕಡಿಮೆ ಅಂದರೂ ಒಂದು ವರ್ಷ, ಹೇಳಿದ ದಿನ ಹೇಳಿದ ಹೊತ್ತಿಗೆ ಹೋಗೋಕೆ ನಿಮ್ಮಿಂದ ಆಗುತ್ತಾ? ಆರು ತಿಂಗಳಲ್ಲಿ ಬೇರೆ ಊರಿಗೆ ಹೋಗುವ ಯೋಚನೆ ಇದ್ದರೆ ದಯವಿಟ್ಟು ಈಗ ಶುರು ಮಾಡಬೇಡಿ. ಲೈಬ್ರರಿ ಜೋಡಿಸಿಕೊಡಿ, ಕಂಪ್ಯೂಟರ್ ರಿಪೇರಿ ಮಾಡಿಕೊಡಿ, ಅದೂ ದೊಡ್ಡ ಉಪಕಾರವೇ. ಒಂದು ಮಗುವಿನ ಜೊತೆ ಒಬ್ಬರೇ ಕೂರುವ ಕೆಲಸ ಬೇರೆ.

ಇಷ್ಟು ಖಡಕ್ಕಾಗಿ ಹೇಳೋಕೆ ಕಾರಣ ಇದೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಅಂತ ಒಂದು ಹಳೆಯ ಸಂಸ್ಥೆ ಇದೆ. ನ್ಯೂಯಾರ್ಕಿನ ಕೋರ್ಟಿನಲ್ಲಿ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೂಲ್ಟರ್ 1904ರಲ್ಲಿ, ಕೋರ್ಟಿಗೆ ಬರುತ್ತಿದ್ದ ಹುಡುಗರಿಗೆ ಒಬ್ಬೊಬ್ಬ ದೊಡ್ಡವರನ್ನು ಜೊತೆ ಮಾಡಲು ಹೊರಟಿದ್ದರಿಂದ ಬೆಳೆದದ್ದು ಅದು. ಅಲ್ಲಿನ 1,138 ಮಕ್ಕಳ ಮಾಹಿತಿ ಇಟ್ಟುಕೊಂಡು ಗ್ರಾಸ್‌ಮನ್ ಮತ್ತು ರೋಡ್ಸ್ ಅನ್ನುವ ಇಬ್ಬರು ಸಂಶೋಧಕರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷಕ್ಕಿಂತ ಜಾಸ್ತಿ ಉಳಿದ ಜೋಡಿಗಳಲ್ಲಿ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ಅನುಕೂಲ ಆಗಿತ್ತು. ಮೂರು ತಿಂಗಳೊಳಗೆ ಕಡಿದುಹೋದ ಕಡೆ ಮಕ್ಕಳಿಗೆ ತಮ್ಮ ಮೇಲಿನ ನಂಬಿಕೆಯೇ ಮೊದಲಿಗಿಂತ ಕಡಿಮೆಯಾಗಿತ್ತು. ಹಾಸ್ಟೆಲ್‌ಗಳಲ್ಲಿ ಓಡಾಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಹುಟ್ಟುಹಬ್ಬಕ್ಕೆ ಕೇಕ್ ತಂದು, ಫೋಟೊ ತೆಗೆಸಿಕೊಂಡು, "ಮತ್ತೆ ಬರ್ತೀವಿ ಪುಟ್ಟಾ" ಅಂತ ಹೋದವರನ್ನು ಆ ಮಕ್ಕಳು ಬೇಕಾದಷ್ಟು ನೋಡಿರುತ್ತಾರೆ.

ನಾನು ಜೊತೆಯಾದ ಹುಡುಗಿ ಆಗ ಎಂಟನೇ ಕ್ಲಾಸಿನಲ್ಲಿದ್ದಳು. ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆ ಬಂದ ಕುಟುಂಬ. ಅಪ್ಪ ಇಲ್ಲ. ಕಟ್ಟಡ ಮುಗಿದ ಹಾಗೆಲ್ಲ ಶೆಡ್ ಬದಲಾಗುತ್ತಿತ್ತು, ಅದಕ್ಕೇ ಅವರಮ್ಮ ಅವಳನ್ನು ಒಂದು ಟ್ರಸ್ಟಿನ ಹಾಸ್ಟೆಲ್‌ಗೆ ಸೇರಿಸಿದ್ದರು. ಇದಕ್ಕಿಂತ ಜಾಸ್ತಿ ಗುರುತು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಬರೆಯುತ್ತೇನೆ.

ಮೊದಮೊದಲು ಏನು ಕೇಳಿದರೂ ಎರಡೇ ಉತ್ತರ. "ಹೂಂ ಅಕ್ಕ." "ಗೊತ್ತಿಲ್ಲ ಅಕ್ಕ." ಓದು ಹೇಗಿದೆ, ದೊಡ್ಡವಳಾದ ಮೇಲೆ ಏನಾಗ್ತೀಯ ಅನ್ನುವ ಪ್ರಶ್ನೆಗಳನ್ನು ಬಂದವರೆಲ್ಲ ಕೇಳಿರುತ್ತಾರೆ, ಆ ಪ್ರಶ್ನೆಗೆ ಬಂದವರಿಗೆ ಇಷ್ಟವಾಗುವ ಉತ್ತರ ಯಾವುದು ಅಂತಲೂ ಮಕ್ಕಳಿಗೆ ಗೊತ್ತಿರುತ್ತದೆ. ನಮ್ಮಿಬ್ಬರ ಮಾತು ಶುರುವಾಗಿದ್ದು ಚೌಕಾಬಾರ ಆಡುವಾಗ. ಪಡಸಾಲೆಯಲ್ಲಿ ಅವಳೇ ಸೀಮೆಸುಣ್ಣದಿಂದ ಮನೆ ಬರೆದಳು. ಕವಡೆ ಇರಲಿಲ್ಲ, ಹುಣಸೆ ಬೀಜ ತಂದು ಒಂದು ಮಗ್ಗುಲು ಬೆಳ್ಳಗಾಗುವ ತನಕ ಸಿಮೆಂಟ್ ನೆಲಕ್ಕೆ ಉಜ್ಜುತ್ತಾ ಕೂತಳು. ಉಜ್ಜುತ್ತಲೇ, ನನ್ನ ಕಡೆ ನೋಡದೆ, "ಕ್ಲಾಸಿನ್ಯಾಗ ನಾ ಮಾತಾಡಿದ್ರ ಎಲ್ಲಾರೂ ನಗ್ತಾರ ಅಕ್ಕ" ಅಂದಳು.

ಅಷ್ಟೇ ವಿಷಯ. ಅವಳ ಮಾತಿನ ಧಾಟಿ ಕೇಳಿ ಇಲ್ಲಿನ ಮಕ್ಕಳು ನಗುತ್ತಿದ್ದರು, ಅವಳು ಬಾಯಿ ಮುಚ್ಚಿಕೊಂಡಿದ್ದಳು, ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ಟೀಚರ್ ಲೆಕ್ಕದಲ್ಲಿ ಮಂದ ಹುಡುಗಿ ಅಂತಾಗಿತ್ತು. ಇದು ಹೊರಗೆ ಬರೋಕೆ ತಿಂಗಳುಗಳೇ ಹಿಡಿದವು. ನಾನು ಎರಡನೇ ವಾರಕ್ಕೇ ಬರುವುದು ನಿಲ್ಲಿಸಿದ್ದರೆ ಯಾರಿಗೆ ಹೇಳಬೇಕಿತ್ತು ಅವಳು? ಭಾಷೆ ತಿದ್ದಿಕೋ ಅಂತ ನಾನು ಹೇಳಲಿಲ್ಲ. ನಿಮ್ಮೂರಲ್ಲಿ ಇದಕ್ಕೆ ಏನಂತಾರೆ, ಅದಕ್ಕೆ ಏನಂತಾರೆ ಅಂತ ಕೇಳಿ ಕಲಿಯುತ್ತಾ ಹೋದೆ, ಟೀಚರ್ ಜೊತೆ ಮಾತಾಡುವಂತೆ ಹಾಸ್ಟೆಲ್‌ನವರಿಗೆ ಹೇಳಿದೆ, ಅವರು ಮಾತಾಡಿದರು.

ನೀವು ನಿಜವಾಗಿ ತುಂಬ ಉಪಯೋಗಕ್ಕೆ ಬರುವ ಹೊತ್ತು ಎಸ್ಸೆಸ್ಸೆಲ್ಸಿ. ನಮ್ಮ ನಿಮ್ಮ ಮನೆಗಳಲ್ಲಿ ಹತ್ತನೇ ಕ್ಲಾಸಾದ ಮೇಲೆ ಏನು ಮಾಡಬಹುದು ಅಂತ ಗೊತ್ತಿರುವ ಚಿಕ್ಕಪ್ಪನೋ ಪಕ್ಕದ್ಮನೆ ಅಕ್ಕನೋ ಯಾರಾದರೂ ಇರುತ್ತಾರೆ. ಈ ಮಕ್ಕಳಿಗೆ ಇರುವುದಿಲ್ಲ. ಅವಳ ಲೆಕ್ಕದಲ್ಲಿ ಇದ್ದದ್ದು ಎರಡೇ ದಾರಿ, ಪಾಸಾದರೆ ಪಿಯುಸಿ, ಫೇಲಾದರೆ ಗಾರ್ಮೆಂಟ್ಸ್. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ, ಅದು ಮುಗಿಸಿ ಡಿಪ್ಲೊಮಾದವರಿಗೆ ಇರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೇ ಸೇರಬಹುದು ಅನ್ನುವುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದರಲ್ಲಿ ಗಣಿತ ಹೋದರೂ ಅದೇ ವರ್ಷ ಮತ್ತೆ ಬರೆಯಬಹುದು. ಈಗ ಹತ್ತನೇ ಕ್ಲಾಸಿನಲ್ಲಿರುವ ಮಗು ಸಿಕ್ಕರೆ ಇದನ್ನು ಮೊದಲೇ ಹೇಳಿ. ಫೇಲಾದರೆ ಎಲ್ಲ ಮುಗೀತು ಅನ್ನುವ ಹೆದರಿಕೆಯಲ್ಲೇ ಎಷ್ಟೋ ಮಕ್ಕಳು ಪುಸ್ತಕ ಮುಚ್ಚಿಡುತ್ತಾರೆ.

ಆಮೇಲೆ ಕಾಗದಪತ್ರ. ಕೇಳೋಕೆ ಬೇಸರದ ವಿಷಯ, ಆದರೆ ಕೈಗೆ ಬರುವ ಸ್ಕಾಲರ್‌ಶಿಪ್ ತಪ್ಪಿಹೋಗುವುದೇ ಇಲ್ಲಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕೋಕೆ ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು, ಹೆಸರು ಎಲ್ಲ ಕಡೆ ಒಂದೇ ಥರ ಇರಬೇಕು. ಇವಳ ಆಧಾರ್‌ನಲ್ಲಿ ಹೆಸರಿನ ಜೊತೆ ಅಪ್ಪನ ಹೆಸರೂ ಅಂಟಿಕೊಂಡಿತ್ತು, ಶಾಲೆಯ ದಾಖಲೆಯಲ್ಲಿ ಇರಲಿಲ್ಲ. ಅದನ್ನು ಸರಿ ಮಾಡಿಸೋಕೆ ಅವರಮ್ಮ ಕೂಲಿ ಬಿಟ್ಟು ಕ್ಯೂನಲ್ಲಿ ನಿಲ್ಲಬೇಕು, ಅಂದರೆ ಆ ದಿನದ ಸಂಬಳ ಇಲ್ಲ. ಒಂಬತ್ತನೇ ಕ್ಲಾಸಿನಲ್ಲೇ ಎಲ್ಲ ಕಾಗದ ಒಂದು ಕಡೆ ಇಟ್ಟು ಹೆಸರು, ಹುಟ್ಟಿದ ದಿನ ಅಕ್ಷರ ಅಕ್ಷರ ಹೋಲಿಸಿ ನೋಡಿ. ಮಾರ್ಕ್ಸ್ ಕಾರ್ಡ್ ಪ್ರಿಂಟಾದ ಮೇಲೆ ತಿದ್ದುಪಡಿ ಕಷ್ಟ. ಗಣಿತ ಹೇಳಿಕೊಡೋಕೆ ಹಾಸ್ಟೆಲ್‌ನಲ್ಲಿ ಯಾರಾದರೂ ಸಿಗುತ್ತಾರೆ, ಇದಕ್ಕೆ ಪುರುಸೊತ್ತಿರುವವರು ಸಿಗುವುದಿಲ್ಲ. ನಿಮ್ಮಂಥ ಆಫೀಸು ಕೆಲಸದವರಿಗೆ ಇದು ಚೆನ್ನಾಗಿ ಬರುತ್ತದೆ.

ತಾಯಿ ಇರುವ ಮಗುವಿಗೆ ನೀವು ಇನ್ನೊಬ್ಬ ತಾಯಿಯಾಗಲು ಹೋಗಬೇಡಿ. ಅವರಮ್ಮ ಹಬ್ಬಕ್ಕೆ ಬಂದಾಗ ಬಟ್ಟೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. "ಅಕ್ಕಾರ, ನೀವ್ ಹೇಳ್ದಂಗ ಮಾಡ್ತೀನ್ರಿ" ಅಂದರು. ನನಗೆ ಗಂಟಲು ಕಟ್ಟಿತು. ಮಗಳ ಬಗ್ಗೆ ತೀರ್ಮಾನ ಅವರದ್ದೇ, ನಾನು ಗೊತ್ತಿದ್ದದ್ದನ್ನು ಬಿಡಿಸಿ ಹೇಳುವವಳು ಮಾತ್ರ ಅಂತ ಅವರಿಗೆ ಅವತ್ತೇ ಹೇಳಿದೆ. ಮಗಳ ಎದುರಿಗೇ ಹೇಳಿದೆ. ಡಿಪ್ಲೊಮಾಕ್ಕೆ ಸೇರಿಸೋಣ ಅಂತ ಕೊನೆಗೆ ಒಪ್ಪಿದ್ದು ಅವರೇ. ಪಾಲಿಟೆಕ್ನಿಕ್ ಒಳಗೆ ಹೋಗಿ, ಲ್ಯಾಬ್ ನೋಡಿ, ಹೆಣ್ಣುಮಕ್ಕಳ ಹಾಸ್ಟೆಲ್ ಎಷ್ಟು ದೂರ ಅಂತ ವಿಚಾರಿಸಿದ ಮೇಲೆ.

ಇನ್ನು ಕೆಲವು ವಿಷಯಗಳಲ್ಲಿ ರಾಜಿ ಇಲ್ಲ. ಸಂಸ್ಥೆಯವರು ಪೊಲೀಸ್ ವೆರಿಫಿಕೇಶನ್ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಕೇಳದಿದ್ದರೆ ಅನುಮಾನ ಪಡಿ. ಗುರುತಿನ ಚೀಟಿಯನ್ನೂ ನೋಡದೆ ಮಗುವನ್ನು ನಿಮ್ಮ ಜೊತೆ ಕೋಣೆಯಲ್ಲಿ ಬಿಡುವ ಜಾಗಕ್ಕೆ ಹೋಗಲೇಬೇಡಿ. ಎಲ್ಲರ ಕಣ್ಣಿಗೆ ಕಾಣುವ ಕಡೆಯೇ ಕೂತು ಮಾತಾಡಿ, ಮನೆಗೆ ಕರೆದುಕೊಂಡು ಹೋಗಬೇಡಿ. ಫೋಟೊ ಹಾಕಬೇಡಿ. ಪಾಲನೆ ರಕ್ಷಣೆ ಬೇಕಾದ ಮಕ್ಕಳ ಗುರುತು ಹೊರಗೆ ಬರಬಾರದು ಅಂತಲೇ 2015ರ ಬಾಲನ್ಯಾಯ ಕಾಯ್ದೆಯಲ್ಲಿ 74ನೇ ಕಲಂ ಇದೆ. ಕಾನೂನು ಹಾಗಿರಲಿ, ಹದಿನೈದರ ಹುಡುಗಿಗೆ ನಾಳೆ ಕಾಲೇಜಿನಲ್ಲಿ ಆ ಫೋಟೊ ಕಣ್ಣಿಗೆ ಬಿದ್ದರೆ ಹೇಗನಿಸುತ್ತದೆ ಯೋಚಿಸಿ.

ಮುಖ್ಯವಾದದ್ದು ಇನ್ನೊಂದು. "ಯಾರಿಗೂ ಹೇಳಲ್ಲ ಅಂದ್ರೆ ಹೇಳ್ತೀನಿ" ಅಂತ ಮಗು ಅಂದರೆ ಆ ಮಾತು ಕೊಡಬೇಡಿ. "ನಿನಗೆ ತೊಂದರೆ ಆಗ್ತಿದ್ರೆ ನಾನು ಸುಮ್ನೆ ಇರೋಕಾಗಲ್ಲ, ಆದರೆ ಯಾರಿಗೆ ಹೇಳ್ತೀನಿ ಅಂತ ನಿಂಗೆ ಮೊದಲೇ ತಿಳಿಸ್ತೀನಿ" ಅನ್ನಿ. ಲೈಂಗಿಕ ದೌರ್ಜನ್ಯದ ವಿಷಯ ತಿಳಿದರೆ ಪೊಲೀಸರಿಗೆ ತಿಳಿಸುವುದು ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಎಲ್ಲಿ ಸೇರಬಹುದು ಅಂದರೆ, ಬೆಂಗಳೂರಿನಲ್ಲಿ ಮೆಂಟರ್ ಟುಗೆದರ್ ಅನ್ನುವ ಸಂಸ್ಥೆ 2009ರಿಂದ ಮೆಂಟರಿಂಗ್ ಕೆಲಸ ಮಾಡುತ್ತಿದೆ. 2006ರಲ್ಲಿ ಕೊಚ್ಚಿಯಲ್ಲಿ ಶುರುವಾದ ಮೇಕ್ ಎ ಡಿಫರೆನ್ಸ್ ಅನ್ನುವ ಸಂಸ್ಥೆ ಹಲವು ಊರುಗಳಲ್ಲಿ ಆಶ್ರಯಧಾಮಗಳ ಮಕ್ಕಳ ಜೊತೆ ಕೆಲಸ ಮಾಡುತ್ತದೆ. ಯಾವ ಕಡೆ ಹೋದರೂ ತರಬೇತಿ ಎಷ್ಟು ಕೊಡುತ್ತಾರೆ, ತೊಂದರೆ ಆದರೆ ನಾನು ಯಾರಿಗೆ ಫೋನ್ ಮಾಡಬೇಕು ಅಂತ ಕೇಳಿ.

ಮಧ್ಯದಲ್ಲಿ ನಿಜವಾಗಿಯೂ ಬಿಡಬೇಕಾಗಿ ಬಂದರೆ, ಬರಬಹುದು, ಕೆಲಸ ಹೋಗುತ್ತದೆ, ಮನೆಯಲ್ಲಿ ಕಾಯಿಲೆ ಆಗುತ್ತದೆ, ಆಗ ಒಂದೆರಡು ತಿಂಗಳು ಮೊದಲೇ ಮಗುವಿಗೆ ಎದುರು ಕೂತು ಹೇಳಿ, ಕಾರಣ ಇದ್ದ ಹಾಗೆ ಹೇಳಿ, ಕೊನೆಯ ಭೇಟಿ ಯಾವತ್ತು ಅಂತ ಇಬ್ಬರೂ ಸೇರಿ ಗೊತ್ತುಮಾಡಿ. ಮೆಸೇಜ್‌ನಲ್ಲಿ ಮುಗಿಸಬೇಡಿ.

ದಿನ ಆರಿಸುವಾಗ ಭಾನುವಾರ ಬೇಡ, ಅದು ಅಪ್ಪ ಅಮ್ಮ ನೋಡೋಕೆ ಬರುವ ದಿನ. ಶನಿವಾರ ಸ್ಕೂಲು ಬೆಳಿಗ್ಗೆಯೇ ಮುಗಿಯುತ್ತದೆ. ಊಟ ಆದ ಮೇಲೆ, ಮೂರು ಗಂಟೆ ಹೊತ್ತಿಗೆ ಹೋಗಿ.