ಸಂಪಾದಕರ ಉತ್ತರ: ಫಲಕವಿಲ್ಲದ ಬಾಗಿಲು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ, ದಕ್ಷಿಣ ಆಫ್ರಿಕದ ಕವಿ ತಾತಮ್‌ಖುಲು ಆಫ್ರಿಕಾ ಅವರ ‘ಏನೂ ಬದಲಾಗಿಲ್ಲ’ ಕವಿತೆಯ ಅನುವಾದವನ್ನು ಓದಿ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ವರ್ಣಭೇದದ ಕಾನೂನುಗಳು ರದ್ದಾಗಿ, 1994ರಲ್ಲಿ ಮಂಡೇಲಾ ಅಧ್ಯಕ್ಷರಾಗಿ ಮೂರು ದಶಕಗಳೇ ಕಳೆದಿರುವಾಗ ಇಂಥ ಶೀರ್ಷಿಕೆಯ ಕವಿತೆಯನ್ನು ಅಚ್ಚು ಹಾಕುವುದು ಗೆದ್ದ ಹೋರಾಟಕ್ಕೆ ಮಾಡುವ ಅವಮಾನವಲ್ಲವೇ ಎಂಬುದು ನಿಮ್ಮ ಮುಖ್ಯ ಆಕ್ಷೇಪ. ಕೊನೆಯಲ್ಲಿ ಬರುವ ‘ಓ’ ಅಕ್ಷರವನ್ನು ‘ಸೊನ್ನೆ’ ಮಾಡಿದ್ದೇಕೆ, ‘ಬನ್ನಿ ಚೌ’ ಎಂದರೆ ಮೊಲದ ಮಾಂಸವೆಂಬ ನಮ್ಮ ಟಿಪ್ಪಣಿ ಸರಿಯೇ ಎಂದೂ ಕೇಳಿದ್ದೀರಿ.

ಮೊದಲ ಪ್ರಶ್ನೆಗೆ ಉತ್ತರಿಸುವ ಮುನ್ನ ಆ ಕವಿತೆ ಯಾವ ನೆಲದ ಮೇಲೆ ನಡೆಯುತ್ತದೆ ಎಂಬುದನ್ನು ಹೇಳಬೇಕು. ಕೇಪ್ ಟೌನ್ ಪಟ್ಟಣದ ಮಗ್ಗುಲಲ್ಲೇ ಇದ್ದ ಡಿಸ್ಟ್ರಿಕ್ಟ್ ಸಿಕ್ಸ್, ಬಿಡುಗಡೆ ಹೊಂದಿದ ಗುಲಾಮರ ಸಂತತಿಯವರು, ಕುಶಲಕರ್ಮಿಗಳು, ವ್ಯಾಪಾರಿಗಳು, ವಲಸೆ ಬಂದವರು ಒತ್ತೊತ್ತಾಗಿ ಬಾಳಿದ ಬಡಾವಣೆ. ಯಾರು ಯಾವ ಬೀದಿಯಲ್ಲಿ ವಾಸಿಸಬೇಕೆಂಬುದನ್ನು ಮೈಬಣ್ಣದ ಮೇಲೆ ಗೊತ್ತುಮಾಡುತ್ತಿದ್ದ 1950ರ ಕಾನೂನಿನ ಅಡಿಯಲ್ಲಿ, 1966ರ ಫೆಬ್ರುವರಿ 11ರಂದು ಸರ್ಕಾರ ಅದನ್ನು ಬಿಳಿಯರಿಗೆ ಮೀಸಲೆಂದು ಘೋಷಿಸಿತು. ಮುಂದಿನ ಒಂದೂವರೆ ದಶಕದಲ್ಲಿ 60,000ಕ್ಕೂ ಹೆಚ್ಚು ಜನರನ್ನು ಅಲ್ಲಿಂದ ಎಬ್ಬಿಸಿ ಸುಮಾರು 25 ಕಿಲೋಮೀಟರ್ ಆಚೆಯ ಮರಳುಬಯಲಿಗೆ, ಕೇಪ್ ಫ್ಲ್ಯಾಟ್ಸ್‌ಗೆ ಸಾಗಿಸಿದರು. ಚರ್ಚು ಮಸೀದಿಗಳನ್ನು ಬಿಟ್ಟು ಮನೆಗಳನ್ನೆಲ್ಲ ಬುಲ್ಡೋಜರ್ ನೆಲಸಮ ಮಾಡಿತು. ಇಷ್ಟೆಲ್ಲ ಮಾಡಿ ತೆರವುಗೊಳಿಸಿದ ನೆಲದ ಬಹುಭಾಗ ಪಾಳು ಬಿತ್ತು ಎಂಬುದನ್ನು ನೆನಪಿಡಿ. ಕವಿತೆಯಲ್ಲಿ ಹಿಮ್ಮಡಿಯ ಕೆಳಗೆ ಸದ್ದು ಮಾಡುವ ಗುಂಡುಗಲ್ಲುಗಳು, ಪ್ಯಾಂಟಿನ ಅಂಚಿಗೆ ಚುಚ್ಚಿಕೊಳ್ಳುವ ಹುಲ್ಲಿನ ಬೀಜಗಳು, ತುಳಿದರೆ ನುಗ್ಗಾಗುವ ಡಬ್ಬಿಗಳು ಆ ಪಾಳಿನವು. ಇದೇ ಡಿಸ್ಟ್ರಿಕ್ಟ್ ಸಿಕ್ಸ್ ಎಂದು ಹೇಳುವ ಫಲಕ ಅಲ್ಲಿಲ್ಲ, ಆದರೆ ಕವಿತೆಯಲ್ಲಿ ಅಲ್ಲಿ ನಡೆಯುತ್ತಿರುವವನ ಕಾಲಿಗೆ ಗೊತ್ತಾಗುತ್ತದೆ.

ಆ ಫಲಕದ ಮಾತು ಕವಿತೆಯಲ್ಲಿ ಎರಡು ಸಲ ಬರುತ್ತದೆ, ಮತ್ತು ನಿಮ್ಮ ಆಕ್ಷೇಪಕ್ಕೆ ಉತ್ತರ ಇರುವುದು ಎರಡನೆಯ ಸಲದಲ್ಲಿ. ಕಳೆಗಿಡಗಳ ನಡುವೆ ಗಾಜು ಹೊಳೆಯುವ ಹೊಸ ಹೋಟೆಲೊಂದು ಎದ್ದಿದೆ, ಗೇಟಿನಲ್ಲಿ ಕಾವಲುಗಾರನಿದ್ದಾನೆ. ಅದು ಬಿಳಿಯರಿಗಷ್ಟೇ ಎಂದು ಯಾವ ಬರಹವೂ ಹೇಳುವುದಿಲ್ಲ. ಆದರೂ ತಮ್ಮ ಜಾಗ ಯಾವುದೆಂದು ಅವನಂಥವರಿಗೆ ಗೊತ್ತು. ಬೆಂಚು, ಬಸ್ಸು, ಸಮುದ್ರತೀರ ಎಲ್ಲಕ್ಕೂ ಬಣ್ಣದ ಫಲಕ ತೂಗಹಾಕಲು ಅವಕಾಶ ಕೊಟ್ಟ 1953ರ ಕಾನೂನು 1990ರಲ್ಲಿ ರದ್ದಾಯಿತು, ವಸತಿಯ ಕಾನೂನು 1991ರಲ್ಲಿ. ಇದನ್ನು ಕವಿ ಅಲ್ಲಗಳೆಯುತ್ತಿಲ್ಲ. ಫಲಕ ಇಳಿದ ಮೇಲೆ ಅದರ ಕೆಲಸವನ್ನು ಊಟದ ಬೆಲೆಪಟ್ಟಿಯೂ ಕಾವಲುಗಾರನ ನೋಟವೂ ವಹಿಸಿಕೊಂಡದ್ದನ್ನು ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. 2004ರಲ್ಲಿ, ಆ ಘೋಷಣೆಯಾದ ದಿನಕ್ಕೆ ಸರಿಯಾಗಿ 38 ವರ್ಷ ತುಂಬಿದಾಗ, ಡಿಸ್ಟ್ರಿಕ್ಟ್ ಸಿಕ್ಸ್‌ಗೆ ಮರಳಿದ ಮೊದಲ ವೃದ್ಧರಿಗೆ ಮಂಡೇಲಾ ಮನೆಯ ಕೀಲಿಕೈ ಕೊಟ್ಟರು. ಅದು ಕಡಿಮೆ ಬದಲಾವಣೆಯಲ್ಲ. ಆದರೆ 2022ರ ವಿಶ್ವಬ್ಯಾಂಕಿನ ವರದಿ 164 ದೇಶಗಳಲ್ಲಿ ಅತಿ ಹೆಚ್ಚು ಅಸಮಾನತೆಯಿರುವ ದೇಶ ದಕ್ಷಿಣ ಆಫ್ರಿಕವೆಂದೇ ಗುರುತಿಸಿದೆ. ನಲವತ್ತೇಳರ ಸ್ವಾತಂತ್ರ್ಯ ಯಾರಿಗೆ ಬಂತು ಎಂದು ಸಿದ್ಧಲಿಂಗಯ್ಯನವರು ಕೇಳಿದಾಗಲೂ ಹೋರಾಟಕ್ಕೆ ಅವಮಾನವಾಯಿತೆಂದು ನೊಂದುಕೊಂಡವರು ನಮ್ಮಲ್ಲಿ ಇದ್ದಿರಬೇಕು.

ಕವಿಯ ಬಗ್ಗೆಯೂ ಒಂದು ಮಾತು. ಈಜಿಪ್ಟಿನ ತಂದೆ, ತುರ್ಕಿಯ ತಾಯಿಗೆ 1920ರಲ್ಲಿ ಹುಟ್ಟಿದ, ಬಿಳಿಯ ಕುಟುಂಬವೊಂದರಲ್ಲಿ ಬೆಳೆದ ಈತ ಬಿಳಿಯನೆಂದೇ ಬದುಕು ಮುಗಿಸಬಹುದಿತ್ತು. ಅವರು ಇಸ್ಲಾಮನ್ನು ಸ್ವೀಕರಿಸಿ, ಬಿಳಿಯರಲ್ಲದವರ ಪಟ್ಟಿಗೆ ತಾವಾಗಿ ಸೇರಿ, ಇದೇ ಬಡಾವಣೆಯಲ್ಲಿ ನೆಲೆಸಿದರು. 1987ರಲ್ಲಿ ಬಂಧನಕ್ಕೊಳಗಾಗಿ ಐದು ವರ್ಷ ಬರೆಯಬಾರದೆಂಬ ನಿಷೇಧವನ್ನೂ ಉಂಡರು. ಹೋಟೆಲಿನ ಗಾಜಿಗೆ ಮೂಗೊತ್ತಿ ಪುಡಿಮಾಡಿದ ಮಂಜುಗಡ್ಡೆ, ಬಿಳಿಯ ಮೇಜುಬಟ್ಟೆ, ಒಂಟಿ ಗುಲಾಬಿಯನ್ನು ನೋಡುವ ಮನುಷ್ಯ ಒಳಗೆ ಕೂರಬಹುದಾಗಿದ್ದವನು ಎಂಬುದು ತಿಳಿದ ಮೇಲೆ ನನಗಂತೂ ಆ ಸಾಲುಗಳು ಇನ್ನಷ್ಟು ಕಹಿಯಾಗಿ ಕೇಳಿಸುತ್ತವೆ.

ಇನ್ನು ಸೊನ್ನೆಯ ವಿಚಾರ. ಗಾಜಿನಿಂದ ಹಿಂದೆ ಸರಿಯುವಾಗ ಅವನು ‘ಮತ್ತೆ ಹುಡುಗ’ ಆಗುತ್ತಾನೆ. ಅಲ್ಲಿ ನರೆತ ಕೂದಲಿನ ಕರಿಯ ಆಳನ್ನೂ ಬಿಳಿಯ ಯಜಮಾನ ‘ಬಾಯ್’ ಎಂದೇ ಕೂಗುತ್ತಿದ್ದುದರಿಂದ ಆ ಪದಕ್ಕೆ ಬಾಲ್ಯ ಮಾತ್ರವಲ್ಲ, ಬೈಗುಳವೂ ಅಂಟಿದೆ. ಅವನ ಬಾಯಿ ಗಾಜಿನ ಮೇಲೆ ಉಳಿಸಿದ ಗುರುತು ಮೂಲದಲ್ಲಿ ಇಂಗ್ಲಿಷಿನ ‘ಓ’ ಅಕ್ಷರದ ಆಕಾರದ್ದು. ನಮ್ಮ ‘ಓ’ ಬರೆದರೆ ದುಂಡಗಿನ ಬಾಯಿ ಕಣ್ಣಿಗೆ ಕಾಣುವುದಿಲ್ಲ. ಸೊನ್ನೆ ಎಂದಾಗ ಆಕಾರ ದಕ್ಕುತ್ತದೆ, ಆದರೆ ಮೂಲದಲ್ಲಿಲ್ಲದ ‘ಲೆಕ್ಕಕ್ಕಿಲ್ಲದವನು’ ಎಂಬ ಧ್ವನಿಯೂ ಬಂದು ಸೇರುತ್ತದೆ. ಅನುವಾದಕರು ಅದನ್ನು ತಿಳಿದೇ ಮಾಡಿದರು, ನಾನು ಒಪ್ಪಿದೆ. ನೀವು ಒಪ್ಪದಿದ್ದರೆ ತಪ್ಪೆನ್ನಲಾರೆ.

ಮೊಲದ ಟಿಪ್ಪಣಿ ಮಾತ್ರ ಶುದ್ಧ ತಪ್ಪು, ಅದು ನನ್ನದೇ. ಬನ್ನಿ ಚೌಗೂ ಮೊಲಕ್ಕೂ ಸಂಬಂಧವಿಲ್ಲ. ಅದು ಡರ್ಬನ್ನಿನ ಭಾರತೀಯರ ತಿನಿಸು: ಬ್ರೆಡ್ಡಿನ ತಿರುಳು ತೆಗೆದು, ಆ ಗುಳಿಗೆ ಬಿಸಿ ಮಸಾಲೆಸಾರು ತುಂಬಿ ಕೊಡುತ್ತಾರೆ. ವ್ಯಾಪಾರಿ ಎಂಬರ್ಥದ ‘ಬನಿಯಾ’ ಎಂಬುದರಿಂದ ಆ ಹೆಸರು ಬಂತೆಂದೂ, ಒಳಗೆ ಕೂರಿಸಿ ಬಡಿಸಲಾಗದ ಕರಿಯ ಗಿರಾಕಿಗಳಿಗೆ ತಟ್ಟೆಯಿಲ್ಲದೆ ಕೊಡಲು ಈ ಉಪಾಯ ಹುಟ್ಟಿತೆಂದೂ ಅಲ್ಲಿ ಒಂದು ಕಥೆ ಹೇಳುತ್ತಾರೆ. ಕವಿತೆಯಲ್ಲಿ ಹೋಟೆಲಿನ ಕೆಳಗಿನ ರಸ್ತೆಯ ಕೂಲಿಕಾರರ ಕೆಫೆಯಲ್ಲಿ ಮಾರುವುದು ಇದನ್ನೇ: ಹೊರಗೊಯ್ದು ತಿನ್ನಬಹುದು, ಇಲ್ಲವೇ ಪ್ಲಾಸ್ಟಿಕ್ ಮೇಜಿನ ಮೇಲೆ ತಿಂದು ಜೀನ್ಸಿಗೆ ಕೈ ಒರೆಸಿಕೊಳ್ಳಬಹುದು. ತಿದ್ದಿದ ಟಿಪ್ಪಣಿಯನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ಕೊಟ್ಟಿದ್ದೇವೆ.

— ಸಂಪಾದಕ