ವೀಸಾ ಪ್ರಶ್ನೋತ್ತರ: ಎರಡು ವರ್ಷದ ನಿಯಮ ನಿಮಗೆ ಇದೆಯೋ ಇಲ್ಲವೋ, ಮೊದಲು ನೋಡಿ

ಪ್ರಶ್ನೆ: ನಮಸ್ಕಾರ. ಮಗಳು ಪುಣೆಯಲ್ಲಿ ಪಿಎಚ್‌ಡಿ ಮುಗಿಸಿ 2022ರಲ್ಲಿ ಜೆ-1 ವೀಸಾದಲ್ಲಿ (ಓದು, ಸಂಶೋಧನೆ, ತರಬೇತಿಗೆ ಹೋಗುವವರ ವಿನಿಮಯ ವೀಸಾ) ಅಮೆರಿಕಕ್ಕೆ ಹೋದಳು, ಪೋಸ್ಟ್‌ಡಾಕ್ ಕೆಲಸ. ಸಂಬಳ ಅಲ್ಲಿನ ಯೂನಿವರ್ಸಿಟಿಯದ್ದೇ. ವೀಸಾ ಮೇಲೆ ‘ಎರಡು ವರ್ಷದ ನಿಯಮ ಅನ್ವಯ’ ಅಂತ ಅಚ್ಚಾಗಿದೆ. ಈಗ ಅವರೇ ಎಚ್-1ಬಿ (ಕೆಲಸದ ವೀಸಾ) ಮಾಡಿಸುತ್ತೇವೆ ಅನ್ನುತ್ತಿದ್ದಾರೆ. ಇಲ್ಲೊಬ್ಬ ಏಜೆಂಟ್ ‘ನೋರಿ ಸರ್ಟಿಫಿಕೇಟ್ ನಾನು ಮಾಡಿಸ್ತೀನಿ, ಮುಂಗಡ ಕೊಡಿ’ ಅಂತ ಬೆನ್ನು ಬಿದ್ದಿದ್ದಾನೆ. ಕೊಡಬಹುದಾ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ ಅಮ್ಮ. ನೋರಿ ಅಂದ್ರೆ ಎರಡು ವರ್ಷದ ನಿಯಮದಿಂದ ವಿನಾಯಿತಿ ಪಡೆಯಲು ನಮ್ಮ ಸರ್ಕಾರದಿಂದ ತರುವ ಕಾಗದ. ನಿಮ್ಮ ಮಗಳಿಗೆ ಆ ವಿನಾಯಿತಿಯೇ ಬೇಕಾಗಿಲ್ಲದೆ ಇರಬಹುದು.

ಅಮೆರಿಕದ ವಲಸೆ ಕಾನೂನಿನ 212(ಇ) ಸೆಕ್ಷನ್ ಪ್ರಕಾರ ಜೆ-1ನಲ್ಲಿ ಹೋದ ಕೆಲವರು ತಮ್ಮ ದೇಶಕ್ಕೆ ವಾಪಸ್ ಬಂದು ಒಟ್ಟು ಎರಡು ವರ್ಷ ಇರಬೇಕು. ಅಲ್ಲಿವರೆಗೆ ಎಚ್ ವೀಸಾ ಇಲ್ಲ, ಎಲ್ (ಕಂಪನಿ ವರ್ಗಾವಣೆಯ ವೀಸಾ) ಇಲ್ಲ, ಗ್ರೀನ್ ಕಾರ್ಡೂ ಇಲ್ಲ. ‘ಕೆಲವರು’ ಅಂದೆ ನೋಡಿ, ಎಲ್ಲರೂ ಅಲ್ಲ. ಇದು ಮೂರು ಕಾರಣಕ್ಕೆ ಮಾತ್ರ ಬರುತ್ತದೆ. ಅಮೆರಿಕದ್ದೋ ನಮ್ಮದೋ ಸರ್ಕಾರದ ದುಡ್ಡಿನಲ್ಲಿ ಹೋಗಿರಬೇಕು, ಇಲ್ಲವೇ ಡಾಕ್ಟರ್ ಆಗಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಹೋಗಿರಬೇಕು, ಅದೂ ಅಲ್ಲದಿದ್ದರೆ ಅವರ ವಿಷಯ ‘ಸ್ಕಿಲ್ಸ್ ಲಿಸ್ಟ್’ ಅನ್ನೋ ಪಟ್ಟಿಯಲ್ಲಿರಬೇಕು, ಅಂದರೆ ಆ ವಿದ್ಯೆ ಅವರ ಸ್ವಂತ ದೇಶಕ್ಕೇ ಬೇಕಾದದ್ದು ಅಂತ ಗುರುತಿಸಿರಬೇಕು. ನಮ್ಮ ವಿಜ್ಞಾನದ ಹುಡುಗ ಹುಡುಗಿಯರು ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದದ್ದು ಈ ಪಟ್ಟಿಯಲ್ಲೇ.

2024ರ ಡಿಸೆಂಬರ್ 9ರಂದು ಅಮೆರಿಕದ ವಿದೇಶಾಂಗ ಇಲಾಖೆ ಹೊಸ ಪಟ್ಟಿ ಹೊರಡಿಸಿತು. ಅದರಲ್ಲಿ ಭಾರತದ ಹೆಸರೇ ಇಲ್ಲ. ಇನ್ನೂ ಒಳ್ಳೆಯದು ಏನಂದ್ರೆ, ಆ ದಿನಕ್ಕಿಂತ ಮುಂಚೆ ಹೋದವರಿಗೂ ಇದು ಲಾಗೂ. ಬರೀ ಪಟ್ಟಿಯ ಕಾರಣಕ್ಕೆ ಸಿಕ್ಕಿಕೊಂಡಿದ್ದ ಭಾರತೀಯರಿಗೆ ಈಗ ಆ ಕಟ್ಟುಪಾಡು ಇಲ್ಲ. ಇದು ಎಷ್ಟೋ ಮನೆಗಳಿಗೆ ಇನ್ನೂ ಗೊತ್ತಿಲ್ಲ, ಗೊತ್ತಿಲ್ಲದವರ ಹತ್ತಿರವೇ ದುಡ್ಡು ಕೇಳುವವರು ಬರುತ್ತಾರೆ, ನನಗೆ ಸಿಟ್ಟು ಬರೋದು ಅದಕ್ಕೇ.

ಹಾಗಾದರೆ ನೋಡೋದು ಎಲ್ಲಿ? ಮಗಳಿಗೆ ಫೋನ್ ಮಾಡಿ ಅವಳ ಡಿಎಸ್-2019 ತೆಗೆಸಿ, ಜೆ-1ಗಾಗಿ ಯೂನಿವರ್ಸಿಟಿ ಕೊಟ್ಟ ಫಾರ್ಮ್ ಅದು. ಮೊದಲ ಪುಟದ ಕೆಳಗೆ ಎಡಗಡೆ ಒಂದು ಚೌಕ ಇದೆ, ವೀಸಾ ಆಫೀಸರ್ ಗುರುತು ಹಾಕುವ ಜಾಗ. ನಿಯಮ ಅನ್ವಯ ಅಂತ ಇದ್ದರೆ ಅದಕ್ಕೆ ಕಾರಣ ಎ, ಬಿ, ಸಿ ಅಂತ ಮೂರು: ಎ ಅಂದ್ರೆ ಸರ್ಕಾರದ ದುಡ್ಡು, ಬಿ ಅಂದ್ರೆ ಸ್ಕಿಲ್ಸ್ ಲಿಸ್ಟ್, ಸಿ ಡಾಕ್ಟರರದ್ದು. ಬಿ ಮಾತ್ರ ಗುರುತಾಗಿದ್ದರೆ ಅರ್ಧ ಭಾರ ಇಳಿದ ಹಾಗೆ. ಆಮೇಲೆ ಐದನೇ ಕಾಲಂ ನೋಡಿ, ದುಡ್ಡು ಎಲ್ಲಿಂದ ಬಂತು ಅನ್ನೋದು ಅಲ್ಲಿರುತ್ತದೆ. ಒಂದೇ ಫಾರ್ಮ್ ನೋಡಿ ಬಿಡಬೇಡಿ. ವರ್ಷ ವರ್ಷ ಮುಂದುವರಿಸಿದಾಗ ಬಂದ ಎಲ್ಲಾ ಫಾರ್ಮುಗಳನ್ನೂ ನೋಡಬೇಕು, ಯಾಕಂದ್ರೆ ನಡುವೆ ಒಂದು ಸಲ ಸರ್ಕಾರದ ದುಡ್ಡು ಬಂದಿದ್ದರೂ ನಿಯಮ ಅಂಟಿಕೊಳ್ಳುತ್ತದೆ.

ವೀಸಾ ಮೇಲಿನ ಅಚ್ಚು ಹಾಗೇ ಇರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ, ಅದು ಕೊನೆಯ ಮಾತಲ್ಲ. ಯೂನಿವರ್ಸಿಟಿಯವರು ಅನುಮಾನಪಟ್ಟರೆ ಅಲ್ಲಿನ ವಿದೇಶಾಂಗ ಇಲಾಖೆಯಿಂದಲೇ ‘ಅಡ್ವೈಸರಿ ಒಪಿನಿಯನ್’ ಕೇಳಬಹುದು, ಮಗಳಿಗೆ ನಿಯಮ ಇದೆಯೋ ಇಲ್ಲವೋ ಅಂತ ಅವರೇ ಬರೆದು ಕೊಡುತ್ತಾರೆ. ಇನ್ನೊಂದು: ರಿಸರ್ಚ್ ಸ್ಕಾಲರ್ ಆಗಿ ಹೋದವರು ಅದು ಮುಗಿದ ಮೇಲೆ 24 ತಿಂಗಳು ಮತ್ತೆ ಅದೇ ವರ್ಗದಲ್ಲಿ ಹೋಗುವಂತಿಲ್ಲ ಅಂತ ಬೇರೆಯೇ ಒಂದು ನಿಯಮ ಇದೆ. ಎರಡನ್ನೂ ಜನ ಕಲಸಿಬಿಡುತ್ತಾರೆ. ಈ 24 ತಿಂಗಳ ನಿಯಮ ಎಚ್-1ಬಿಗೆ ಅಡ್ಡ ಬರೋದಿಲ್ಲ.

ಪ್ರಶ್ನೆ: ನನ್ನ ತಮ್ಮ ನಮ್ಮ ಕೇಂದ್ರ ಸರ್ಕಾರದ ಫೆಲೋಶಿಪ್ ಮೇಲೆ ಜೆ-1ನಲ್ಲಿ ಹೋಗಿದ್ದಾನೆ. ಪಟ್ಟಿ ಬದಲಾದದ್ದು ಅವನಿಗೂ ಅನ್ವಯಿಸುತ್ತದಾ? ಊರು ಉಡುಪಿ, ಪಾಸ್‌ಪೋರ್ಟ್ ಮಾಡಿಸಿದ್ದು ಪುಣೆಯಲ್ಲಿ.
– ಓದುಗರು, ಪುಣೆ

ಉತ್ತರ: ಇಲ್ಲ ಸರ್, ಅವರದ್ದು ಸರ್ಕಾರದ ದುಡ್ಡು. ಅವರಿಗೆ ವಿನಾಯಿತಿ ಬೇಕೇ ಬೇಕು, ನೋರಿ ದಾರಿ ಹಿಡಿಯಬೇಕು. ಭಾರತಕ್ಕೆ ಬರಲೇಬೇಕು ಅನ್ನೋ ಬಾಧ್ಯತೆ ಈ ವ್ಯಕ್ತಿಗಿಲ್ಲ ಅಂತ ನಮ್ಮ ಸರ್ಕಾರ ಕೊಡುವ ಕಾಗದ ಅದು. ಆದರೆ ಫೆಲೋಶಿಪ್ ತಗೊಳ್ಳುವಾಗ ವಾಪಸ್ ಬರ್ತೀನಿ ಅಂತ ಬಾಂಡ್ ಬರೆದುಕೊಟ್ಟಿದ್ದರೆ ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಲಿ. ಕೊಟ್ಟ ಮಾತು ಕೊಟ್ಟ ಮಾತೇ ಅಲ್ವಾ.

ಅಮೆರಿಕದ ಕಡೆ ವಿನಾಯಿತಿಯ ಅರ್ಜಿ ಡಿಎಸ್-3035 ಫಾರ್ಮ್ ಆನ್‌ಲೈನಿನಲ್ಲಿ ತುಂಬಿದರೆ ಕೇಸ್ ನಂಬರ್ ಸಿಗುತ್ತದೆ, ಆಮೇಲೆ ಅದನ್ನು 120 ಡಾಲರ್ ಫೀಸ್ ಜೊತೆ ಕಳಿಸಬೇಕು. ನಮ್ಮ ಕಡೆ ಕೇಂದ್ರದ ಶಿಕ್ಷಣ ಸಚಿವಾಲಯ, ರಾಜ್ಯ ಸರ್ಕಾರ, ಪಾಸ್‌ಪೋರ್ಟ್ ಕೊಟ್ಟ ಕಚೇರಿ, ಈ ಮೂರೂ ಕಡೆಯಿಂದ ಅಭ್ಯಂತರ ಇಲ್ಲ ಅಂತ ಬರಬೇಕು. ನಮ್ಮವರು ಎಡವೋದು ರಾಜ್ಯದ ವಿಚಾರದಲ್ಲಿ. ಹುಟ್ಟಿದ್ದು ಒಂದು ಕಡೆ, ಓದಿದ್ದು ಇನ್ನೊಂದು ಕಡೆ. ಸಾಮಾನ್ಯವಾಗಿ ಕಾಯಂ ವಿಳಾಸ ಯಾವ ರಾಜ್ಯದ್ದೋ ಆ ರಾಜ್ಯದ ಕಾಗದ ಬೇಕು. ಮಹಾರಾಷ್ಟ್ರ ಆದರೆ ಮುಂಬಯಿಯ ಮಂತ್ರಾಲಯ, ಕರ್ನಾಟಕ ಆದರೆ ಬೆಂಗಳೂರು. ಅರ್ಜಿ, ಅಫಿಡವಿಟ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ವಿಳಾಸ ಒಂದೇ ಥರ ಇರಲಿ. ಅಪ್ಪನ ಹೆಸರು ಒಂದರಲ್ಲಿ ಪೂರ್ತಿ, ಇನ್ನೊಂದರಲ್ಲಿ ಇನಿಷಿಯಲ್ ಆಗಿದ್ದರೆ ಅದಕ್ಕೇ ಅರ್ಜಿ ನಿಂತುಹೋಗಬಹುದು.

ಇದೆಲ್ಲ ಆದ ಮೇಲೆ ವಾಷಿಂಗ್ಟನ್‌ನ ನಮ್ಮ ರಾಯಭಾರ ಕಚೇರಿ ತನ್ನ ಪತ್ರವನ್ನು ನೇರವಾಗಿ ಅಲ್ಲಿನ ವಿದೇಶಾಂಗ ಇಲಾಖೆಗೆ ಕಳಿಸುತ್ತದೆ. ಇಲಾಖೆ ಶಿಫಾರಸು ಮಾಡುತ್ತದೆ, ಕೊನೆಯ ತೀರ್ಮಾನ ವಲಸೆ ಇಲಾಖೆಯದ್ದು. ಒಂದು ವಿಷಯ ತಮ್ಮನಿಗೆ ಒತ್ತಿ ಹೇಳಿ: ಶಿಫಾರಸು ಬಂದ ಮೇಲೆ ಜೆ-1 ಅವಧಿ ಮುಂದುವರಿಸಲು ಆಗೋದಿಲ್ಲ. ಅಲ್ಲಿ ಇನ್ನೂ ಕೆಲಸ ಬಾಕಿ ಇದ್ದರೆ ಮೊದಲು ಡಿಎಸ್-2019 ಮುಂದುವರಿಸಿಕೊಳ್ಳಲಿ, ಆಮೇಲೆ ಅರ್ಜಿ ಹಾಕಲಿ. ಅಂದಹಾಗೆ ಫುಲ್‌ಬ್ರೈಟ್‌ನಂಥ ಅಮೆರಿಕ ಸರ್ಕಾರದ ದುಡ್ಡಿನಲ್ಲಿ ಹೋದವರಿಗೆ ಈ ದಾರಿ ಸಾಮಾನ್ಯವಾಗಿ ತೆರೆಯೋದಿಲ್ಲ, ಅವರು ಸುಮ್ನೆ ಓಡಾಡಿ ಸುಸ್ತಾಗಬಾರದು.

ಪ್ರಶ್ನೆ: ಅಳಿಯ ಡಾಕ್ಟರ್, ಜೆ-1ನಲ್ಲಿ ರೆಸಿಡೆನ್ಸಿ ಮುಗಿಸುತ್ತಿದ್ದಾರೆ. ಗೋವಾ ಸರ್ಕಾರದಿಂದ ಕಾಗದ ತಂದರೆ ಆಗುತ್ತಾ?
– ಹಿರಿಯರು, ಮಡಗಾಂವ್

ಉತ್ತರ: ಆಗೋದಿಲ್ಲ ರಾಯರೇ. ರೆಸಿಡೆನ್ಸಿ ಮಾಡಿದ ಡಾಕ್ಟರರಿಗೆ ನಮ್ಮ ಸರ್ಕಾರದ ಕಾಗದದ ಮೇಲೆ ವಿನಾಯಿತಿ ಕೊಡಬಾರದು ಅಂತ ಅಲ್ಲಿನ ಕಾನೂನೇ ಇದೆ. ಅವರಿಗಿರುವ ದೊಡ್ಡ ದಾರಿ ಕಾನ್ರಾಡ್ 30. ಅಮೆರಿಕದ ಒಂದೊಂದು ರಾಜ್ಯವೂ ವರ್ಷಕ್ಕೆ 30 ಡಾಕ್ಟರರಿಗೆ ಶಿಫಾರಸು ಮಾಡಬಹುದು. ಬದಲಿಗೆ ಎಚ್-1ಬಿಯಲ್ಲಿ ಮೂರು ವರ್ಷ, ವಾರಕ್ಕೆ 40 ಗಂಟೆ, ಹೆಚ್ಚಾಗಿ ಡಾಕ್ಟರರ ಕೊರತೆ ಇರುವ ಕಡೆ ಕೆಲಸ ಮಾಡಬೇಕು. ಆ ಎಚ್-1ಬಿಗೆ ಎಲ್ಲರಂತೆ ಲಾಟರಿಯಲ್ಲಿ ಹೆಸರು ಬರಬೇಕಾಗಿಲ್ಲ. ವಿನಾಯಿತಿ ಸಿಕ್ಕ 90 ದಿನದೊಳಗೆ ಕೆಲಸಕ್ಕೆ ಸೇರಲು ಒಪ್ಪಿರಬೇಕು. ಮಗಳು ಜೆ-2ನಲ್ಲಿ, ಅಂದರೆ ಜೆ-1ನವರ ಕುಟುಂಬದ ವೀಸಾದಲ್ಲಿ, ಇದ್ದರೆ ಅಳಿಯನ ವಿನಾಯಿತಿ ಅವಳಿಗೂ ಆಗುತ್ತದೆ, ಬೇರೆ ಅರ್ಜಿ ಬೇಡ. ಕೆಲವು ರಾಜ್ಯಗಳಲ್ಲಿ 30 ಜಾಗ ಬೇಗ ತುಂಬುತ್ತದೆ, ಅದಕ್ಕೆ ಅವರು ಈಗಿನಿಂದಲೇ ಆಸ್ಪತ್ರೆ ಹುಡುಕಲಿ, ಕರಾರಿಗೆ ಸಹಿ ಹಾಕುವ ಮುಂಚೆ ಅಲ್ಲಿನ ವಲಸೆ ವಕೀಲರಿಗೆ ಒಮ್ಮೆ ತೋರಿಸಲಿ.